ಒಳಲೆ ಮತ್ತು ಸೂಜಿ

ನನ್ನ ಹುಟ್ಟೂರು ಹೊಸನಗರ ತಾಲ್ಲೂಕು. ತಾಯಿಯ ತವರು ತೀರ್ಥಹಳ್ಳಿಯ ಕಡೆ. ಅನ್ನದ ಋಣ ಸಾಗರದ್ದು. ಈ ಮೂರು ಸೀಮೆಗಳಲ್ಲಿ ಯಾವ ಹಳೆಯ ಮನೆಯ ಅಟ್ಟವನ್ನು ಹತ್ತಿ ಕೆದಕಿದರೂ ಹಿತ್ತಾಳೆಯದೊ ಬೆಳ್ಳಿಯದೊ ಒಂದು ಒಳಲೆ ಸಿಕ್ಕದೆ ಇರದು. ಪಟ್ಟಣದಲ್ಲಿ ಬೆಳೆದ ವಾಚಕರಲ್ಲಿ ಕೆಲವರು ಇದನ್ನು ಕಂಡಿರಲಾರರಾದ್ದರಿಂದ ಎರಡು ಮಾತು ಹೇಳಬೇಕು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬಟ್ಟಲು. ಅದರ ಒಂದು ಪಕ್ಕ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಕ್ಕಿನ ತುದಿಯನ್ನು ತುಟಿಯ ಮೂಲೆಗಿಟ್ಟು, ಬಟ್ಟಲನ್ನು ಮೆಲ್ಲನೆ ಓರೆ ಮಾಡಿದರೆ ಹಾಲು ಗುಟುಕು ಗುಟುಕಾಗಿ ಇಳಿಯುತ್ತದೆ. ಹಾಲು ಮಾತ್ರವಲ್ಲ, ಮದ್ದೂ ಇಳಿಯುತ್ತದೆ.

ಅಜ್ಜಿ ನಮಗೆಲ್ಲ ಮದ್ದು ಕುಡಿಸಿದುದು ಇದರಲ್ಲಿಯೇ. ಮಗು ಕಾಲು ಮಡಚಿಕೊಂಡು ಅತ್ತಿತೆಂದರೆ ಹೊಟ್ಟೆನೋವೆಂದು ಅರ್ಥ. ಒಡನೆ ಸಾಣೆಕಲ್ಲು ಹೊರಗೆ ಬರುತ್ತಿತ್ತು. ಬಜೆ, ಜಾಯಿಕಾಯಿ, ಅಳಲೆಕಾಯಿ, ಒಣಶುಂಠಿ, ಒಂದೊಂದನ್ನೂ ಎದೆಹಾಲಿನಲ್ಲಿಯೊ ಬಿಸಿನೀರಿನಲ್ಲಿಯೊ ತೇಯ್ದು, ಬಂದ ಗಂಧವನ್ನು ಬೆರಳಿನಿಂದ ಬಳಿದು ಒಳಲೆಗೆ ಹಾಕುವರು. ಅಳತೆಯೆಂದರೆ ಸುತ್ತು. ಇದು ಒಂದು ಸುತ್ತು, ಅದು ಮೂರು ಸುತ್ತು. ಮಗು ಬೆಳೆದಂತೆ ಸುತ್ತೂ ಬೆಳೆಯುವುದು. ಮಗು ಒಲ್ಲೆನೆಂದರೆ ಮೂಗನ್ನು ಎರಡು ಬೆರಳಿನಲ್ಲಿ ಹಿಡಿಯುವ ಉಪಾಯವೂ ಉಂಟು. ಅದು ಒಳ್ಳೆಯ ಉಪಾಯವಲ್ಲವೆಂದು ಈಗಿನ ವೈದ್ಯರು ಹೇಳುವುದು ಸರಿಯೆ. ಮದ್ದು ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಬರುತ್ತದೆ.

ಮದ್ದು ಯಾವುದೆಂದು ಎಲ್ಲರೂ ಕೇಳುತ್ತಾರೆ. ಅದು ಯಾವ ದಾರಿಯಿಂದ ಒಳಹೊಕ್ಕಿತೆಂದು ಕೇಳುವವರು ಕಡಿಮೆ. ಮಕ್ಕಳ ವಿಷಯದಲ್ಲಿ, ಅದರಲ್ಲಿಯೂ ನೋವು ಜ್ವರಗಳ ಮದ್ದಿನ ವಿಷಯದಲ್ಲಿ, ಆ ದಾರಿಗೂ ಒಂದು ಚರಿತ್ರೆಯುಂಟು. ನಾನು ವೈದ್ಯನಲ್ಲ, ಕನ್ನಡ ಮೇಷ್ಟರು. ಹಾಗಾಗಿ ಮೊದಲು ನನ್ನ ಕಸುಬಿನ ಮಾತು ಒಂದಿಷ್ಟು. ಕನ್ನಡದಲ್ಲಿ ಮದ್ದಿನ ಒಂದೊಂದು ದಾರಿಗೂ ಒಂದೊಂದು ಕ್ರಿಯಾಪದವಿದೆ. ಕಷಾಯವನ್ನು ಕುಡಿಸುತ್ತೇವೆ, ಲೇಹ್ಯವನ್ನು ನೆಕ್ಕಿಸುತ್ತೇವೆ, ಎಣ್ಣೆಯನ್ನು ಸವರುತ್ತೇವೆ, ಸೊಪ್ಪನ್ನು ಅರೆದು ಕಟ್ಟುತ್ತೇವೆ, ಕಿವಿಗೆ ಹಿಂಡುತ್ತೇವೆ, ಮೂಗಿಗೆ ಬಿಡುತ್ತೇವೆ. ಇಂಜಕ್ಷನ್ ಬಂದ ಮೇಲೆ ಚುಚ್ಚಿಸುವುದೂ, ಗ್ಲೂಕೋಸ್ ಬಂದ ಮೇಲೆ ಏರಿಸುವುದೂ ಸೇರಿದುವು. ಇನ್ನು 'ಮದ್ದು ಹಾಕು' ಎಂಬುದನ್ನು ನಮ್ಮ ಸೀಮೆಯಲ್ಲಿ ಎಚ್ಚರದಿಂದ ಬಳಸಬೇಕು. ಅದಕ್ಕೆ ಊಟದಲ್ಲಿ ವಿಷ ಬೆರೆಸಿದರೆಂಬ ಅರ್ಥವೂ ಇದೆ. ಔಷಧಕ್ಕೂ ವಿಷಕ್ಕೂ ಕೋವಿಯ ಪುಡಿಗೂ ಒಂದೇ ಮಾತನ್ನಿಟ್ಟ ನಮ್ಮ ಹಿರಿಯರು ಸುಮ್ಮನೆ ಇಡಲಿಲ್ಲವೆಂದು ತೋರುತ್ತದೆ.

ಹಳೆಯ ಗ್ರಂಥಗಳಿಗೆ ಬರೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಬರಿಯ ಹಾಲು ಕುಡಿಯುವವು, ಹಾಲನ್ನೂ ಅನ್ನವನ್ನೂ ಉಣ್ಣುವವು, ಅನ್ನವನ್ನೇ ಉಣ್ಣುವವು. ಈ ವಿಭಾಗ ಮದ್ದಿನ ದಾರಿಗಾಗಿ. ಹಾಲುಗೂಸಿನ ಮದ್ದು ಹಾಲೂಡಿಸುವ ತಾಯಿಗೂ ಸಲ್ಲುತ್ತದೆ, ಅನ್ನ ಉಣ್ಣುವ ಮಗುವಿನದು ಮಗುವಿಗೆ ಮಾತ್ರ, ನಡುವಣದ್ದಕ್ಕೆ ಇಬ್ಬರಿಗೂ. ಮದ್ದನ್ನು ಅರೆದು ಮೊಲೆಗೆ ಲೇಪಿಸಿ ಕೂಸಿಗೆ ಊಡಿಸುವ ಕ್ರಮವನ್ನೂ ಅಲ್ಲಿಯೇ ಹೇಳಿದೆ. ಪ್ರಮಾಣ ಕೂಡ ಹಾಗೆಯೇ: ತಿಂಗಳು ದಾಟಿದ ಕೂಸಿಗೆ ಬೆರಳಿನ ಎರಡು ಗೆಣ್ಣಿಗೆ ಅಂಟುವಷ್ಟು, ನಡುವಣ ವಯಸ್ಸಿಗೆ ಬೋರೆಯ ಬೀಜದಷ್ಟು, ಅನ್ನ ಉಣ್ಣುವುದಕ್ಕೆ ಬೋರೆಹಣ್ಣಿನಷ್ಟು. ನನ್ನ ಅಜ್ಜಿ ಸುಶ್ರುತನ ಹೆಸರನ್ನೇ ಕೇಳಿದವರಲ್ಲ. ಅವರ ಬೆರಳಿಗೆ ಆ ಗೆಣ್ಣಿನ ಲೆಕ್ಕ ಎಲ್ಲಿಂದ ಬಂತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮಾತು ಬಾರದ ಮಗುವಿಗೆ ಎಲ್ಲಿ ನೋವೆಂದು ತಿಳಿಯುವುದು ಹೇಗೆ? ಅದಕ್ಕೂ ಅಲ್ಲಿ ಉತ್ತರವಿದೆ. ನೋಯುವ ಜಾಗವನ್ನು ಮಗು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತದೆ. ಬೇರೆಯವರು ಮುಟ್ಟಿದರೆ ಅಳುತ್ತದೆ. ನೇಪಾಳದಲ್ಲಿ ದೊರೆತು ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆ ಈ ಒಂದು ವಿಷಯಕ್ಕೇ 'ವೇದನಾಧ್ಯಾಯ'ವೆಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಕ್ಕಳಿಗೆ ಬಸ್ತಿಯನ್ನು, ಎಂದರೆ ಗುದದ ಮೂಲಕ ಮದ್ದನ್ನು, ಯಾವ ವಯಸ್ಸಿನಿಂದ ಕೊಡಬಹುದೆಂಬ ಬಗ್ಗೆ ಋಷಿಗಳು ಕೂಡಿ ವಾದ ಮಾಡುವ ಒಂದು ಪ್ರಸಂಗವೂ ಆ ಗ್ರಂಥದಲ್ಲಿದೆ. ಹುಟ್ಟಿದಂದಿನಿಂದಲೇ ಕೊಡಬಹುದೆಂದು ಒಬ್ಬ. ವರ್ಷಗಳು ಕಳೆಯಲಿ ಎಂದು ಮತ್ತೊಬ್ಬ. ಕಾಶ್ಯಪ ವಯಸ್ಸಿನ ಲೆಕ್ಕವನ್ನು ಬದಿಗಿಟ್ಟು, ಅನ್ನವುಂಡು ನೆಲದ ಮೇಲೆ ಓಡಾಡುವ ಮಗುವಿಗೆ ಕೊಡಬಹುದೆಂದು ತೀರ್ಪು ಹೇಳುತ್ತಾನೆ. ಒಂದೇ ಮದ್ದಾದರೂ ಯಾವ ಬಾಗಿಲು, ಯಾವ ವಯಸ್ಸು ಎಂದು ಕುಳಿತು ಜಗಳವಾಡಿದ ಆ ಸಭೆ ನನಗೆ ಬಹಳ ಮೆಚ್ಚು.

ಕನ್ನಡದಲ್ಲಿಯೂ ಈ ವಿದ್ಯೆಗೆ ಬಡತನವಿರಲಿಲ್ಲ. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದ. ಸುಮಾರು ೧೨೦೦ರಲ್ಲಿ ದೇವೇಂದ್ರಮುನಿ ಮಕ್ಕಳ ರೋಗಗಳಿಗಾಗಿಯೇ 'ಬಾಲಗ್ರಹ ಚಿಕಿತ್ಸೆ'ಯನ್ನು ರಚಿಸಿದ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷವೈದ್ಯಕ್ಕೆ ಮೀಸಲು. ನಮ್ಮ ಸೀಮೆಯ ಮಗ್ಗುಲಲ್ಲೇ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ೧೧೬೨ರ ಶಾಸನವೊಂದು ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದು ವರ್ಣಿಸುತ್ತದೆ. ಹೊಸನಗರ ತಾಲ್ಲೂಕಿನ ಹುಂಚದ ಜೈನರಿಗೆ ಔಷಧದಾನವು ನಾಲ್ಕು ದಾನಗಳಲ್ಲಿ ಒಂದು. ಸಾಗರದ ಪಕ್ಕದ ಕೆಳದಿಯ ಅರಸು ಬಸವಪ್ಪನಾಯಕ ೧೭೦೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ಮಹಾಕೋಶದಲ್ಲಿ ರಾಜನೀತಿ, ಪಾಕಶಾಸ್ತ್ರಗಳ ಜೊತೆಗೆ ವೈದ್ಯಕ್ಕೂ ಎಡೆಯಿದೆ. ಆದರೆ ಅರಸನ ಗ್ರಂಥಕ್ಕೂ ಅಡಿಗೆಮನೆಯ ಸಾಣೆಕಲ್ಲಿಗೂ ನಡುವೆ ಎಷ್ಟು ಮೆಟ್ಟಿಲೆಂದು ಯಾರೂ ಬರೆದಿಡಲಿಲ್ಲ. ಮಕ್ಕಳ ಮದ್ದು ಹೆಂಗಸರ ಕೈಯಲ್ಲಿತ್ತು. ಹೆಂಗಸರು ಓಲೆಗರಿಯ ಮೇಲೆ ಬರೆದುದು ಕಡಿಮೆ.

ಇಷ್ಟನ್ನು ಹೇಳಿ, ನಮ್ಮವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಡಂಗುರ ಹೊಡೆಯುವ ಚಪಲ ನನಗಿಲ್ಲ. ಬಜೆಯಲ್ಲಿ ಅಸರೋನ್ ಎಂಬ ಅಂಶವಿದ್ದು ಅದು ಹೆಚ್ಚಾದರೆ ಅಪಾಯ. ಅಮೆರಿಕದಲ್ಲಿ ೧೯೬೮ರಲ್ಲಿಯೇ ಅದನ್ನು ಆಹಾರದಲ್ಲಿ ಬೆರೆಸಬಾರದೆಂದು ನಿಷೇಧಿಸಿದರು. ಜಾಯಿಕಾಯಿ ಮಿತಿಮೀರಿದರೆ ಮಂಪರು, ಭ್ರಮೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಬಾರದೆಂಬುದು ೧೯೭೬ರಿಂದೀಚೆಗೆ ಗೊತ್ತಾದ ಸಂಗತಿ. ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜಾಣು ಕೂಸಿನ ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುತ್ತದೆ. ದೊಡ್ಡವರ ಕರುಳಿನಲ್ಲಿ ಅದು ಮೊಳೆಯದು. ಮುಂಬಯಿಯ ಕಡೆ ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಮಲಗಿಸಲು 'ಬಾಲಗೋಳಿ'ಯೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದುದು, ಅದೇ ಕಾಲಕ್ಕೆ ಇಂಗ್ಲೆಂಡಿನ ಗಿರಣಿಯ ಊರುಗಳಲ್ಲಿ ಅಫೀಮು ಬೆರೆತ ಶರಬತ್ತುಗಳು ಮಾರಾಟವಾಗುತ್ತಿದ್ದುದು ಹತ್ತೊಂಬತ್ತನೆಯ ಶತಮಾನದ ಕಥೆ. ನೋವಿಗೂ ಅಳುವಿಗೂ ಒಂದೇ ಮದ್ದು: ಮಗು ಸುಮ್ಮನಾದರೆ ಸಾಕು. ಸುಮ್ಮನಾದುದು ಎಷ್ಟೋ ಸಲ ಏಳುತ್ತಿರಲಿಲ್ಲ.

ಅನುಪಾನವೂ ದಾರಿಯ ಒಂದು ಭಾಗವೇ. ಮದ್ದು ನಿರ್ದೋಷಿಯಾಗಿದ್ದು ಅದನ್ನು ಹೊತ್ತ ದ್ರವವೇ ಕೊಂದ ಉದಾಹರಣೆಗಳಿವೆ. ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫಾ ಮದ್ದನ್ನು ಮಕ್ಕಳಿಗೆ ಕುಡಿಸಲು ಅನುಕೂಲವಾಗಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಅನೇಕ. ಎಂಬತ್ತೈದು ವರ್ಷದ ಮೇಲೆ, ೨೦೨೨ರಲ್ಲಿ, ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು ಎಪ್ಪತ್ತು ಮಕ್ಕಳು ಕಲಬೆರಕೆಯ ಸಿರಪ್ಪಿನಿಂದ ತೀರಿಕೊಂಡಾಗಲೂ ಅದೇ ವಿಷದ ಹೆಸರು ಕೇಳಿಬಂತು.

ಸೂಜಿಯ ಕಥೆ ಬಹಳ ದೂರದಿಂದ ಆರಂಭವಾಗುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಅಲೆಕ್ಸಾಂಡರ್ ವುಡ್ ಎಂಬ ವೈದ್ಯ ೧೮೫೩ರಲ್ಲಿ ನರಶೂಲೆಯಿಂದ ನರಳುವವರಿಗೆ ಟೊಳ್ಳು ಸೂಜಿಯಿಂದ ಮಾರ್ಫಿನ್ ಚುಚ್ಚತೊಡಗಿದ. ನೋಯುವ ನರದ ಪಕ್ಕದಲ್ಲೇ ಚುಚ್ಚಬೇಕು, ಮದ್ದು ಅಲ್ಲಿಯೇ ಕೆಲಸ ಮಾಡುತ್ತದೆ ಎಂಬುದು ಅವನ ನಂಬಿಕೆ. ಕೆಲವೇ ವರ್ಷಗಳ ಮೇಲೆ ಲಂಡನ್ನಿನ ಚಾರ್ಲ್ಸ್ ಹಂಟರ್, ನೋವು ಎಲ್ಲಿಯೇ ಇರಲಿ, ಸೂಜಿಯನ್ನು ಬೇರೆಲ್ಲಿ ಚುಚ್ಚಿದರೂ ಗುಣ ಒಂದೇ ಎಂದು ತೋರಿಸಿದ. ಮದ್ದು ರಕ್ತವನ್ನು ಸೇರಿ ಮೈಯೆಲ್ಲ ಸುತ್ತುತ್ತದೆ. ಚುಚ್ಚುವುದು ರಕ್ತಕ್ಕೆ ಹತ್ತಿರದ ದಾರಿ ಮಾತ್ರ. ಈ ಸತ್ಯ ವೈದ್ಯಲೋಕಕ್ಕೆ ತಿಳಿದು ನೂರೈವತ್ತು ವರ್ಷ ದಾಟಿತು. ನಮ್ಮ ಜನಕ್ಕೆ ತಿಳಿಯಿತೇ? ಸೊಂಟ ನೋವಿಗೆ ಸೊಂಟಕ್ಕೇ ಚುಚ್ಚಿಸಿಕೊಳ್ಳುವ ಹಟ ಇನ್ನೂ ಹೋಗಿಲ್ಲ.

ನಾನು ಚಿಕ್ಕವನಾಗಿದ್ದಾಗ ಮಳೆಗಾಲದಲ್ಲಿ ಸಂಕ ದಾಟಿ ಡಾಕ್ಟರು ಬಂದರೆಂದರೆ ಊರಿಗೇ ಸುದ್ದಿ. ಸ್ಟೀಲಿನ ಪೆಟ್ಟಿಗೆ, ಅದರಲ್ಲಿ ಗಾಜಿನ ಸಿರಿಂಜು. ಒಲೆಯ ಮೇಲೆ ನೀರು ಕುದಿಯುವ ಸದ್ದಿಗೇ ಮಕ್ಕಳು ಅಟ್ಟ ಸೇರುತ್ತಿದ್ದೆವು. ಕಾಂಪೌಂಡರು ಸೀಸೆಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುವ ಕೆಂಪು ಮಿಕ್ಸ್ಚರು ಕುಡಿದುದಕ್ಕೆ ಯಾರೂ ಲೆಕ್ಕವಿಡುತ್ತಿರಲಿಲ್ಲ, 'ಸೂಜಿ ಹಾಕಿದರೊ?' ಎಂಬುದೇ ಪ್ರಶ್ನೆ. ಸೂಜಿ ಹಾಕದ ಡಾಕ್ಟರಿಗೆ ಹಣ ಕೊಡುವಾಗ ಕೈ ಹಿಂದುಮುಂದು ನೋಡುತ್ತಿತ್ತು. ಇದರಲ್ಲಿ ಜನರದೇ ತಪ್ಪೆನ್ನಲಾರೆ. ಪೆನ್ಸಿಲಿನ್ ಬಂದ ಹೊಸತರಲ್ಲಿ ಸಾಯುತ್ತಿದ್ದವರನ್ನು ಎಬ್ಬಿಸಿ ಕೂರಿಸಿದುದು ಸೂಜಿಯೇ. ಆ ಕೀರ್ತಿಯ ನೆರಳಿನಲ್ಲಿ, ಬಾಯಿಂದ ಕೊಟ್ಟರೆ ಸಾಕಾಗುವ ಜ್ವರದ ಮದ್ದುಗಳೂ ಸೂಜಿ ಹತ್ತಿ ಸವಾರಿ ಮಾಡಿದುವು.

ನಾಲ್ಕನೆಯ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗನಿಗೆ ಬಲಗಾಲು ಸೋತಿತ್ತು. ತೊಡೆಯ ಮೇಲೆ ಕೈ ಊರಿ, ಕಾಲನ್ನು ಹಿಂದಕ್ಕೆ ತಳ್ಳಿ ತಳ್ಳಿ ನಡೆಯುತ್ತಿದ್ದ. ಎರಡು ವರ್ಷದವನಾಗಿದ್ದಾಗ ಜ್ವರ ಬಂದಿತಂತೆ. ತಾಯಿ ಅವನನ್ನು ಹೊತ್ತು ನಾಲ್ಕು ಹರಿದಾರಿ ನಡೆದು ಒಬ್ಬ ವೈದ್ಯರಲ್ಲಿಗೆ ಹೋದರಂತೆ. ಅವರು ಗುಳಿಗೆ ಕೊಡಹೋದಾಗ 'ಇಷ್ಟು ದೂರ ಬಂದಿದ್ದೇನೆ, ಸೂಜಿ ಹಾಕಿ' ಎಂದು ಬೇಡಿದವರು ಆ ತಾಯಿಯೇ. ಸೂಜಿ ಕುಂಡೆಗೆ ಬಿತ್ತು. ಒಂದೆರಡು ದಿನದಲ್ಲಿ ಕಾಲು ಜೋತುಬಿತ್ತು. 'ನಾನೇ ಬೇಡಿ ಹಾಕಿಸಿದೆ' ಎಂದು ಆಕೆ ಯಾರು ಮನೆಗೆ ಬಂದರೂ ಹೇಳುತ್ತಿದ್ದರು. ನಮ್ಮಂಥ ಹುಡುಗರೆದುರಿಗೂ ಹೇಳುತ್ತಿದ್ದರು.

ಬಹಳ ವರ್ಷಗಳ ಮೇಲೆ ಇದಕ್ಕೆ ಎರಡು ವಿವರಣೆಗಳುಂಟೆಂದು ಓದಿ ತಿಳಿದೆ. ಒಂದು, ಎಳೆಯ ಮಗುವಿನ ಕುಂಡೆಯಲ್ಲಿ ಮಾಂಸ ತೆಳು. ಸೂಜಿ ಜಾಗ ತಪ್ಪಿದರೆ ಕಾಲಿಗಿಳಿಯುವ ದೊಡ್ಡ ನರಕ್ಕೇ ತಾಗುತ್ತದೆ. ಇನ್ನೊಂದು ಇದಕ್ಕಿಂತ ವಿಚಿತ್ರ. ಪೋಲಿಯೋ ವೈರಸ್ಸು ಹೊಕ್ಕ ಮಕ್ಕಳಲ್ಲಿ ಬಹುಪಾಲಿಗೆ ಏನೂ ತೋರುವುದಿಲ್ಲ, ಕೆಲವರಿಗೆ ಒಂದು ಸಣ್ಣ ಜ್ವರ ಬಂದು ಹೋಗುತ್ತದೆ, ಅಷ್ಟೆ. ಆದರೆ ಆ ಹೊತ್ತಿನಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿದರೆ, ಚುಚ್ಚಿದ ಅಂಗವೇ ಸೋಲುವ ಸಂಭವ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ೧೯೫೦ರಲ್ಲಿಯೇ ಬ್ರಾಡ್‌ಫರ್ಡ್ ಹಿಲ್ ಮತ್ತು ನೋಲ್ಡನ್ ಎಂಬುವರು ಇಂಥ ಪ್ರಕರಣಗಳನ್ನು ಲೆಕ್ಕಹಾಕಿ ಪ್ರಕಟಿಸಿದ್ದರು. ಭಾರತದಲ್ಲಿ ನಿಸರ್ಗಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡುದು ೨೦೧೧ರ ಜನವರಿಯಲ್ಲಿ. ೨೦೧೪ರ ಮಾರ್ಚಿಯಲ್ಲಿ ನಮಗೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಅಲ್ಲಿಯವರೆಗೆ ಬರಿಯ ಜ್ವರಕ್ಕೆ ಚುಚ್ಚಿಸಿಕೊಂಡ ಎಷ್ಟು ಕಾಲುಗಳು ಹೀಗೆ ಹೋದುವೊ. ಇದನ್ನು ಆ ತಾಯಿಗೆ ಹೇಳುವ ಪ್ರಸಂಗ ಬರಲಿಲ್ಲ; ನಾನು ಓದುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಹೇಳಿದ್ದರೆ ಅವರ ಎದೆ ಹಗುರವಾಗುತ್ತಿತ್ತೊ, ಇನ್ನೂ ಭಾರವಾಗುತ್ತಿತ್ತೊ, ಅದೂ ತಿಳಿಯದು.

ಮಗುವಿನ ನೋವಿನ ವಿಷಯದಲ್ಲಿ ದೊಡ್ಡ ಆಸ್ಪತ್ರೆಗಳೂ ಬಹುಕಾಲ ಕುರುಡಾಗಿದ್ದುವೆಂದರೆ ಓದುಗರಿಗೆ ಆಶ್ಚರ್ಯವಾದೀತು. ಹಸುಗೂಸಿನ ನರಗಳು ಬಲಿತಿರುವುದಿಲ್ಲ, ಅದಕ್ಕೆ ನೋವೇ ತಿಳಿಯದು ಎಂಬ ನಂಬಿಕೆಯಿಂದ ೧೯೮೦ರ ದಶಕದವರೆಗೂ ಪಶ್ಚಿಮ ದೇಶಗಳಲ್ಲಿ ಎಷ್ಟೋ ಕೂಸುಗಳಿಗೆ ಸಾಕಷ್ಟು ನೋವುನಿವಾರಕವಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತದಿಂದ ಆಕ್ಸ್‌ಫರ್ಡಿಗೆ ಹೋಗಿದ್ದ ಕೆ.ಜೆ.ಎಸ್. ಆನಂದ್ ಮೊದಲಾದವರು ೧೯೮೭ರಲ್ಲಿ ಪ್ರಕಟಿಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಿಸಿತು. ಮಗು ಮುಟ್ಟಿಕೊಳ್ಳುವ ಜಾಗವನ್ನು ನೋಡಿ ನೋವನ್ನು ಓದಿದ ವೇದನಾಧ್ಯಾಯದ ಕರ್ತೃ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೊ! ಇದಕ್ಕೆ ಸಂಬಂಧಿಸಿದ ಇನ್ನೊಂದು ಸ್ವಾರಸ್ಯ: ಹಸುಗೂಸಿಗೆ ಸೂಜಿ ಚುಚ್ಚುವ ಮುನ್ನ ನಾಲಗೆಯ ಮೇಲೆ ಸಕ್ಕರೆನೀರಿನ ನಾಲ್ಕು ಹನಿ ಹಾಕಿದರೆ ಅದರ ಅಳು ತಗ್ಗುತ್ತದೆ. ಅದೇ ಸಕ್ಕರೆನೀರನ್ನು ನಳಿಗೆಯಿಂದ ನೇರವಾಗಿ ಹೊಟ್ಟೆಗೆ ಹಾಕಿದರೆ ಆ ಗುಣವಿಲ್ಲ. ನಾಲಗೆಯನ್ನು ದಾಟಿ ಹೋಗಬೇಕು.

ಈಗ ಮನೆಮನೆಯ ಮಾತಾಗಿರುವ ಪ್ಯಾರಾಸಿಟಮಾಲಿಗೆ ಬರುತ್ತೇನೆ. ೧೮೯೩ರಲ್ಲಿಯೇ ಜರ್ಮನಿಯ ಫಾನ್ ಮೇರಿಂಗ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ್ದರೂ, ಅದು ಅರ್ಧ ಶತಮಾನ ಮೂಲೆಗೆ ಬಿದ್ದಿತ್ತು. ೧೯೫೫ರಲ್ಲಿ ಅಮೆರಿಕದಲ್ಲಿ ಮಕ್ಕಳ ದ್ರವೌಷಧವಾಗಿ ಪೇಟೆಗೆ ಬಂತು. ಅದುವರೆಗೆ ಮಕ್ಕಳಿಗೂ ಆಸ್ಪಿರಿನ್ನೇ ಗತಿ. ವೈರಸ್ ಜ್ವರದಲ್ಲಿ ಆಸ್ಪಿರಿನ್ ಕೊಟ್ಟ ಮಕ್ಕಳಲ್ಲಿ ಮಿದುಳು ಯಕೃತ್ತುಗಳನ್ನು ಕೆಡಿಸುವ ರೇ ರೋಗ ಕಾಣುವುದೆಂದು ೧೯೮೦ರ ದಶಕದಲ್ಲಿ ಎಚ್ಚರಿಕೆ ಹೊರಟ ಮೇಲೆ ಅದು ಮಕ್ಕಳ ಮನೆಯಿಂದ ಹೊರಬಿತ್ತು. ಪ್ಯಾರಾಸಿಟಮಾಲನ್ನು ಬಾಯಿಂದ ಕೊಡಬಹುದು, ರಕ್ತನಾಳಕ್ಕೆ ಏರಿಸಬಹುದು, ವಾಂತಿ ಮಾಡುವ ಮಗುವಿಗೆ ಗುದದಲ್ಲಿ ಬತ್ತಿಯಾಗಿಯೂ ಇಡಬಹುದು. ಈ ಕೊನೆಯ ದಾರಿಯನ್ನು ಹೇಳಿದೊಡನೆ ಪಟ್ಟಣದ ತಾಯಂದಿರು ಮುಖ ಸಿಂಡರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮಲ ಕಟ್ಟಿದ ಕೂಸಿಗೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುತ್ತಿದ್ದುದನ್ನು ಕಂಡವರಿಗೆ ಅದು ಹೊಸತಲ್ಲ.

ದಾರಿಗೂ ದಾರಿಗೂ ಇರುವ ವ್ಯತ್ಯಾಸವನ್ನು ನಮ್ಮ ಘಾಟಿಗಳಿಂದ ಹೇಳಿದರೆ ಸುಲಭವಾದೀತು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯಿರಿ, ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯಿರಿ, ಸೇರುವುದು ಕರಾವಳಿಯನ್ನೇ. ಆದರೆ ಹೊತ್ತು ಬೇರೆ, ಮಳೆಗಾಲದಲ್ಲಿ ಭರವಸೆಯೂ ಬೇರೆ. ಬಾಯಿಂದ ಕುಡಿದ ಸಿರಪ್ಪು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ತನ್ನ ಶಿಖರವನ್ನು ಮುಟ್ಟುತ್ತದೆ. ಅದೇ ಮದ್ದು ಬತ್ತಿಯಾಗಿ ಹೋದರೆ ಎರಡು ಮೂರು ಗಂಟೆ ಬೇಕು. ಬತ್ತಿ ಮೊದಲು ಕರಗಬೇಕು. ಮಗು ಮಲ ವಿಸರ್ಜಿಸಿದರೆ ಅದೂ ಹೊರಗೆ ಹೋಗುತ್ತದೆ. ಒಳಗೆ ಉಳಿದರೂ ಎಷ್ಟು ಭಾಗ ರಕ್ತ ಸೇರಿತೆಂಬುದು ಮಗುವಿನಿಂದ ಮಗುವಿಗೆ ಬಹಳ ವ್ಯತ್ಯಾಸ. ಬತ್ತಿ ಎಷ್ಟು ಮೇಲೆ ಹೋಗಿ ಕೂತಿತೆಂಬುದೂ ಮುಖ್ಯ. ಗುದದ ಮೇಲುಭಾಗದ ರಕ್ತ ಯಕೃತ್ತೆಂಬ ಸುಂಕದ ಕಟ್ಟೆಯ ಮೂಲಕ ಹಾಯುತ್ತದೆ. ಕೆಳಭಾಗದ್ದು ಸುಂಕ ತಪ್ಪಿಸಿ ನೇರವಾಗಿ ಮೈಗೆ ಸೇರುತ್ತದೆ. ಬತ್ತಿಯನ್ನು ಅರ್ಧ ಕತ್ತರಿಸಿದರೆ ಮದ್ದೂ ಅರ್ಧವಾಗುವುದೆಂಬ ನಂಬಿಕೆ ಇಲ್ಲದೊಂದು ಲೆಕ್ಕ. ಮದ್ದು ಅದರಲ್ಲಿ ಸಮನಾಗಿ ಹರಡಿರುತ್ತದೆಂಬ ಭರವಸೆಯಿಲ್ಲ. ಹಾಗೆಂದು ಆ ದಾರಿಯನ್ನೇ ಬಯ್ಯುವಂತಿಲ್ಲ. ಸೆಳವು ಬಂದು ಹಲ್ಲು ಕಚ್ಚಿದ ಮಗುವಿಗೆ ಡಯಾಜೆಪಾಮನ್ನು ದ್ರವರೂಪದಲ್ಲಿ ಅಲ್ಲಿಂದಲೇ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಒಂದೇ ಘಾಟಿ, ಗಾಡಿ ಬೇರೆ.

ಬಾಯಿಯ ದಾರಿಯೂ ಎಲ್ಲ ವಯಸ್ಸಿಗೆ ಒಂದೇ ಅಲ್ಲ. ಹುಟ್ಟಿದ ಕೂಸಿನ ಜಠರದಲ್ಲಿ ಆಮ್ಲ ಕಡಿಮೆ, ಅದು ಬರಿದಾಗುವ ವೇಗವೂ ಕಡಿಮೆ. ಆರೆಂಟು ತಿಂಗಳಾಗುವಾಗ ಆ ವೇಗ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಚರ್ಮದ ದಾರಿಯನ್ನಂತೂ ನಾವು ದಾರಿಯೆಂದೇ ಎಣಿಸುವುದಿಲ್ಲ. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಮೈಚರ್ಮದ ಹರವು ದೊಡ್ಡವರದಕ್ಕಿಂತ ಬಹಳ ಹೆಚ್ಚು. ೧೯೭೨ರಲ್ಲಿ ಫ್ರಾನ್ಸಿನಲ್ಲಿ ಹೆಕ್ಸಾಕ್ಲೋರೊಫೀನ್ ಅತಿಯಾಗಿ ಬೆರೆತಿದ್ದ ಮಕ್ಕಳ ಪೌಡರನ್ನು ಹಚ್ಚಿದುದರಿಂದ ೩೬ ಕೂಸುಗಳು ಸತ್ತುವು. ನೆಗಡಿಯಾದ ಕೂಸಿನ ಎದೆಗೆ ಕರ್ಪೂರ ಕರಗಿಸಿದ ಎಣ್ಣೆಯನ್ನು ನಮ್ಮ ಮನೆಗಳಲ್ಲಿ ಈಗಲೂ ತಿಕ್ಕುತ್ತಾರೆ. ಕರ್ಪೂರ ಎಳೆಯ ಮಕ್ಕಳಲ್ಲಿ ಸೆಳವು ತರಿಸಬಲ್ಲುದು. ಅಮೆರಿಕದಲ್ಲಿ ಕರ್ಪೂರದೆಣ್ಣೆಯ ಮಾರಾಟವನ್ನು ೧೯೮೨ರಲ್ಲಿ ನಿಲ್ಲಿಸಿದರು. ಇನ್ನು ಸುಶ್ರುತನ ಎದೆಹಾಲಿನ ದಾರಿ ನಿಜವಾದ ದಾರಿಯೇ ಎಂಬುದಕ್ಕೆ ಇಂದು ಬೇರೆ ಬಗೆಯ ಪುರಾವೆ ಒದಗಿದೆ: ಹಾಲೂಡಿಸುವ ತಾಯಂದಿರು ನೋವಿಗೆ ಕೊಡೀನ್, ಟ್ರಮಡಾಲ್ ತೆಗೆದುಕೊಳ್ಳಬಾರದೆಂದು ೨೦೧೭ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು.

ಇಷ್ಟೆಲ್ಲ ನಮ್ಮ ಮೂರು ತಾಲ್ಲೂಕುಗಳಿಗೆ ಬರಿಯ ಪಾಂಡಿತ್ಯವಲ್ಲ. ೧೯೫೭ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಜಾಡು ಹಿಡಿದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸ ವೈರಸ್ಸೊಂದನ್ನು ಗುರುತಿಸಿದರು. ಉಣ್ಣೆಯಿಂದ ಹರಡುವ ಆ ಮಂಗನಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಬಿಟ್ಟುಹೋಗಲೇ ಇಲ್ಲ. ೨೦೧೮-೧೯ರ ಬೇಸಗೆಯ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಇಲ್ಲಿಯವರು ಮರೆತಿಲ್ಲ. ಬಹುಕಾಲ ಕೊಟ್ಟ ಲಸಿಕೆ ಎಳೆಯ ಮಕ್ಕಳಿಗೆ ಇರಲಿಲ್ಲ. ಅದರ ಗುಣ ಸಾಲದೆಂದು ೨೦೨೨ರಲ್ಲಿ ಅದನ್ನೂ ನಿಲ್ಲಿಸಿದರು. ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಇರುವುದು ನೀರು, ವಿಶ್ರಾಂತಿ, ತಲೆ ಸಿಡಿಯುವ ಮೈ ಮುರಿಯುವ ನೋವಿಗೆ ಪ್ಯಾರಾಸಿಟಮಾಲು, ಮತ್ತು ಎಚ್ಚರ. ಎಚ್ಚರವೇಕೆಂದರೆ ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿದುಹೋಗುತ್ತವೆ. ಆಸ್ಪಿರಿನ್, ಐಬುಪ್ರೊಫೆನ್‌ಗಳು ಉಳಿದ ಕಣಗಳ ಕೈಯನ್ನೂ ಕಟ್ಟುತ್ತವೆ. ಸ್ನಾಯುವಿಗೆ ಚುಚ್ಚಿದ ಸೂಜಿಯ ಜಾಗದಲ್ಲಿ ರಕ್ತ ಒಳಗೊಳಗೇ ಒಸರುತ್ತದೆ. ಜನ ಬೇಡಿ ಬೇಡಿ ಹಾಕಿಸಿಕೊಳ್ಳುವ ಸೂಜಿಯನ್ನು ಅತ್ಯಂತ ದೂರವಿಡಬೇಕಾದ ಜ್ವರವೇ ನಮ್ಮ ಕಾಡಿನ ಜ್ವರ.

ಕೆಲವು ವರ್ಷಗಳ ಹಿಂದೆ ಒಂದು ಮಾರ್ಚಿಯಲ್ಲಿ, ನಮ್ಮೂರಿನ ಮನೆಗೆ ಬಂದಿದ್ದ ತಂಗಿಯ ಮೂರು ವರ್ಷದ ಮಗಳಿಗೆ ಜ್ವರ ಏರಿತು. ಅದು ಮಂಗ ಸಾಯುವ ಕಾಲ. ಮಗು ಹಿಂದಿನ ದಿನವೆಲ್ಲ ತೋಟದ ತರಗೆಲೆಯಲ್ಲಿ ಆಡಿತ್ತು. ನಾನೂ ತಂಗಿಯೂ ಹೊರಟೆವು. ಅಮ್ಮ ಬರುತ್ತೇನೆಂದು ಜೀಪು ಹತ್ತಿ ಕುಳಿತೇಬಿಟ್ಟರು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆ. ಮಗುವನ್ನು ತೂಗಿದರು, ಹನ್ನೆರಡು ಕಿಲೊ, ಪರೀಕ್ಷೆಗೆ ರಕ್ತ ತೆಗೆದರು, ಸಿರಪ್ಪು ಬರೆದರು.

'ಒಂದು ಸೂಜಿ ಹಾಕಿಬಿಡಿ, ತಾಯಿ. ರಾತ್ರಿಯೆಲ್ಲ ನರಳಿದೆ' ಎಂದರು ಅಮ್ಮ.

'ಸೂಜಿ ಬೇಡ, ಅಜ್ಜಿ.'

'ರಕ್ತ ತೆಗೆಯಲಿಕ್ಕೆ ಸೂಜಿ ಆಗ್ತದೆ, ಮದ್ದಿಗೆ ಆಗುವುದಿಲ್ಲವೊ?'

ನಾನು ತಲೆ ತಗ್ಗಿಸಿದೆ. ವೈದ್ಯೆ ಮಾತ್ರ ನಗಲಿಲ್ಲ, ರೇಗಲೂ ಇಲ್ಲ. ಹತ್ತಿಯನ್ನು ಒತ್ತಿ ಹಿಡಿದಿದ್ದ ಮಗುವಿನ ತೋಳನ್ನು ತೋರಿಸಿ, 'ಇಲ್ಲಿ ರಕ್ತ ಬಂದರೆ ಹೀಗೆ ಒತ್ತಿ ನಿಲ್ಲಿಸಬಹುದು. ಕುಂಡೆಯ ಮಾಂಸದ ಒಳಗೆ ಒಸರಿದರೆ ಎಲ್ಲಿ ಅಂತ ಒತ್ತುವುದು, ಅಜ್ಜಿ?' ಎಂದರು. ಅಮ್ಮ ಸುಮ್ಮನಾದರು. ಆದರೆ ಸಮಾಧಾನವಾದಂತೆ ಕಾಣಲಿಲ್ಲ.

ಸಿರಪ್ಪು ಐದು ಮಿಲಿಲೀಟರಿಗೆ ೧೨೦ ಮಿಲಿಗ್ರಾಮಿನದು. ಈ ಮಗುವಿಗೆ ಒಂದು ಸಲಕ್ಕೆ ಆರು ಮಿಲಿಲೀಟರು. ಅಂಗಡಿಯಲ್ಲಿ ೨೫೦ರದೂ ಇರುತ್ತದೆ, ಹನಿಹನಿಯಾಗಿ ಹಾಕುವ ಇನ್ನೂ ಗಟ್ಟಿಯದೂ ಇರುತ್ತದೆ, ಸೀಸೆ ಬದಲಾದರೆ ಲೆಕ್ಕವೇ ಬದಲು ಎಂದು ವೈದ್ಯೆ ಎರಡು ಸಲ ಹೇಳಿದರು. ದಿನಕ್ಕೆ ಎಷ್ಟು ಸಲ ಎಂಬುದನ್ನು ಚೀಟಿಯ ಮೇಲೆ ಬರೆದುಕೊಟ್ಟರು. ಮನೆಗೆ ಬಂದೊಡನೆ ಅಮ್ಮ ಅಟ್ಟದಿಂದ ಒಳಲೆಯನ್ನು ಇಳಿಸಿ ಹುಣಿಸೆಹಣ್ಣು ಹಾಕಿ ಬೆಳಗಿದರು. ನನಗೂ ಕುತೂಹಲ. ಸಿರಪ್ಪಿನ ಮುಚ್ಚಳದ ಅಳತೆಯಲ್ಲಿ ನೀರು ಹೊಯ್ದು ನೋಡಿದೆ: ನಮ್ಮ ಒಳಲೆ ಹಿಡಿದುದು ಹದಿನೈದು ಮಿಲಿಲೀಟರು ಚಿಲ್ಲರೆ. ಅದರಲ್ಲಿ ಆರನ್ನು ಗುರುತಿಸುವುದು ಯಾವ ಅಜ್ಜಿಯ ಬೆರಳಿಗೂ ಆಗದ ಕೆಲಸ. ತಮಿಳರು ಪಾಲಡೈ ಎನ್ನುವ ಇದೇ ಒಳಲೆಯನ್ನು ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಹಾಲು ಕುಡಿಸಲು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಹಾಲಿಗೆ ಸರಿ, ಮದ್ದಿಗೆ ಬೇರೆ ಬೇಕು.

ಆ ಬೇರೆಯದನ್ನು ವೈದ್ಯೆಯೇ ಕೊಟ್ಟಿದ್ದರು. ಕಾಗದದ ಪೊಟ್ಟಣ ಬಿಚ್ಚಿ ತಂಗಿ ಹೊರತೆಗೆದಳು: ಗೆರೆ ಗೆರೆಯಾಗಿ ಅಂಕಿ ಹಾಕಿದ, ಸೂಜಿಯಿಲ್ಲದ ಒಂದು ಪ್ಲಾಸ್ಟಿಕ್ ಸಿರಿಂಜು. ಅಮ್ಮನ ಮುಖ ಅರಳಿತು.

'ಕೊನೆಗೂ ಕೊಟ್ಟರಲ್ಲ! ಸೂಜಿ ಎಲ್ಲಿ?'

'ಸೂಜಿ ಇಲ್ಲಮ್ಮ. ಇದು ಬಾಯಿಗೆ.'

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಿರಪ್ಪನ್ನು ಆರರ ಗೆರೆಯವರೆಗೆ ನಾನೇ ಎಳೆದೆ. ಕುಡಿಸುವ ಕೆಲಸವನ್ನು ಅಮ್ಮ ಬಿಟ್ಟುಕೊಡಲಿಲ್ಲ. ಕಾಲು ನೀಡಿ ಕುಳಿತು ಮಗುವನ್ನು ತೊಡೆಯ ಮೇಲೆ ತುಸು ಎತ್ತರಿಸಿ ಮಲಗಿಸಿಕೊಂಡು, ಸಿರಿಂಜಿನ ತುದಿಯನ್ನು ತುಟಿಯ ಮೂಲೆಗಿಟ್ಟು, ಕೆನ್ನೆಯ ಒಳಮಗ್ಗುಲಿಗೆ ಒಂದೊಂದೇ ಗುಟುಕು ಒತ್ತಿದರು. 'ನಡುನಾಲಗೆಗೆ ಬಿಡಬಾರದು, ಕೆಮ್ಮುತ್ತದೆ' ಎಂದು ನನಗೆ ಹೇಳಿದರು. ವೈದ್ಯೆ ತಂಗಿಗೆ ಹೇಳಿದುದೂ ಅದನ್ನೇ. ಆಗ ಅಮ್ಮ ಹೊರಗೆ ಜೀಪಿನ ಹತ್ತಿರ ಇದ್ದರು.

ಮಂಗನಕಾಯಿಲೆಯಲ್ಲವೆಂದು ಮೂರು ದಿನದ ಮೇಲೆ ಫೋನು ಬಂತು. ಮಗು ಆಗಲೇ ಅಂಗಳದಲ್ಲಿತ್ತು, ಕೈಯಲ್ಲಿ ಸಿರಿಂಜು ಹಿಡಿದು ತುಳಸಿಕಟ್ಟೆಗೆ ನೀರು ಹಾರಿಸುತ್ತಿತ್ತು.